ಗ್ರೀನ್ ಕಾರ್ಡ್ ಇದೆ ಸರಿ, ಮನೆ ಎಲ್ಲಿದೆ?

"ಆರು ತಿಂಗಳಿಗೊಂದು ಸಲ ಹೋಗಿ ಮುಖ ತೋರಿಸಿ ಬಂದರಾಯ್ತು, ಕಾರ್ಡಿಗೇನೂ ಆಗಲ್ಲ." ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ, ಅದು ಮೈಸೂರಾಗಲಿ ದಾವಣಗೆರೆಯಾಗಲಿ, ಈ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಮಗನೋ ಮಗಳೋ ಅಲ್ಲಿನ ಪೌರತ್ವ ಪಡೆದು ಅಪ್ಪ ಅಮ್ಮನಿಗೆ ಅರ್ಜಿ ಹಾಕುತ್ತಾರೆ. ಗ್ರೀನ್ ಕಾರ್ಡ್ ಬರುತ್ತದೆ. ಆದರೆ ಹಿರಿಯರಿಗೆ ಊರಿನ ಮನೆ, ತೋಟ, ಪಿಂಚಣಿ, ನೆಚ್ಚಿನ ಡಾಕ್ಟರು ಯಾವುದನ್ನೂ ಬಿಡಲು ಮನಸ್ಸಿಲ್ಲ. ಹಾಗಾಗಿ ವರ್ಷಕ್ಕೆರಡು ಸಲ ವಿಮಾನ. ಅಪ್ಪನ ಆಪರೇಷನ್ನಿಗೆಂದು ಬೆಂಗಳೂರಿಗೆ ಬಂದು ಎಂಟು ತಿಂಗಳು ಇದ್ದುಬಿಡುವ ಎಂಜಿನಿಯರನೂ ಇದೇ ಲೆಕ್ಕವನ್ನು ನಂಬಿ ಕೂತಿರುತ್ತಾನೆ.

ಲೆಕ್ಕ ಪೂರ್ತಿ ಸುಳ್ಳಲ್ಲ. ಆದರೆ ಅಮೆರಿಕದ ಕಾನೂನು ಮೊದಲು ಕೇಳುವುದು ಎಷ್ಟು ದಿನ ಎಂದಲ್ಲ, ನಿಮ್ಮ ಮನೆ ಎಲ್ಲಿ ಎಂದು. ಗ್ರೀನ್ ಕಾರ್ಡ್ ಎಂಬುದು ಅಲ್ಲಿ ಕಾಯಂ ಆಗಿ ವಾಸಿಸುತ್ತೇನೆ ಎಂದವರಿಗೆ ಕೊಡುವ ಹಕ್ಕಿನ ಚೀಟಿ. ಬೇಕಾದಾಗ ಬಂದು ಹೋಗಲು ಕೊಡುವ ದೀರ್ಘಾವಧಿ ವೀಸಾ ಅಲ್ಲ. ಪ್ರವಾಸ "ತಾತ್ಕಾಲಿಕ" ಆಗಿದ್ದರೆ ಹಕ್ಕು ಉಳಿಯುತ್ತದೆ. ಹೊರಟ ಉದ್ದೇಶ ಏನು, ಅದು ಮುಗಿಯುವ ಕಾಲ ಮೊದಲೇ ಗೊತ್ತಿತ್ತೇ, ಕೆಲಸ ಎಲ್ಲಿ, ಮನೆ ಸಂಸಾರ ಎಲ್ಲಿ ಎಂಬುದನ್ನು ನೋಡಿ ತಾತ್ಕಾಲಿಕವೋ ಅಲ್ಲವೋ ಎಂದು ತೀರ್ಮಾನಿಸುತ್ತಾರೆ.

ಈ ಅಳತೆಗೋಲುಗಳು ಬಂದದ್ದು 1975ರ ಒಂದು ಪ್ರಕರಣದಿಂದ. ವಲಸೆ ವಕೀಲರು ಇವತ್ತಿಗೂ ಅದನ್ನು 'ಕೇನ್ ಪ್ರಕರಣ' ಎಂದು ಉದಾಹರಿಸುತ್ತಾರೆ. ಜಮೈಕಾದ ಮಹಿಳೆಯೊಬ್ಬರು ವರ್ಷದಲ್ಲಿ ಹನ್ನೊಂದು ತಿಂಗಳು ತಮ್ಮೂರಿನಲ್ಲೇ ವಸತಿಗೃಹ ನಡೆಸಿಕೊಂಡಿದ್ದು, ಒಂದು ತಿಂಗಳು ಮಾತ್ರ ಅಮೆರಿಕಕ್ಕೆ ಬರುತ್ತಿದ್ದರು. ಯಾವ ಸಲವೂ ಒಂದು ವರ್ಷ ಮೀರಿ ಹೊರಗಿದ್ದವರಲ್ಲ. ಆದರೂ ವಲಸೆ ಮೇಲ್ಮನವಿ ಮಂಡಳಿ ಅವರು ಕಾಯಂ ನಿವಾಸವನ್ನು ಬಿಟ್ಟುಕೊಟ್ಟಿದ್ದಾರೆ ಎಂದೇ ಹೇಳಿತು. ಜಮೈಕಾ ಇರುವಲ್ಲಿ ಮೈಸೂರು ಎಂದು ಬರೆದುಕೊಳ್ಳಿ, ವಸತಿಗೃಹ ಇರುವಲ್ಲಿ ಕಾಫಿ ತೋಟ ಎಂದು. ಎಷ್ಟೋ ಮನೆಗಳ ಕಥೆ ಅದೇ.

180 ದಿನ, ಒಂದು ವರ್ಷ, ಎರಡು ವರ್ಷ

ದಿನಗಳಿಗೆ ಬೆಲೆಯೇ ಇಲ್ಲ ಎಂದಲ್ಲ. ಮೂರು ಗಡಿಗಳಿವೆ, ಒಂದೊಂದರ ಕೆಲಸ ಬೇರೆ.

ಸತತವಾಗಿ 180 ದಿನ ಮೀರದೆ ವಾಪಸಾದವರನ್ನು ಕಾನೂನು ಹೊಸದಾಗಿ ಒಳಬರುವವರೆಂದು ನೋಡುವುದಿಲ್ಲ. ತನ್ನ ಮನೆಗೆ ತಾನು ಮರಳಿದಂತೆ ಲೆಕ್ಕ. 180 ದಿನ ದಾಟಿದರೆ ಆ ರಿಯಾಯಿತಿ ಹೋಗುತ್ತದೆ. ಅಧಿಕಾರಿ ನಿಮ್ಮನ್ನು ಹೊಸದಾಗಿ ಪ್ರವೇಶ ಕೇಳುವವರಂತೆ ಪರಿಶೀಲಿಸಬಹುದು, ಪ್ರವೇಶಕ್ಕೆ ಅಡ್ಡಿಯಾಗುವ ಎಲ್ಲ ಕಾರಣಗಳನ್ನೂ ಕೆದಕಬಹುದು. ಕಾರ್ಡ್ ಮಾತ್ರ ರದ್ದಾಗುವುದಿಲ್ಲ. ಏಳು ತಿಂಗಳು ಇದ್ದು ಬಂದವರು ಎರಡು ಪ್ರಶ್ನೆಗೆ ಉತ್ತರಿಸಿ ಹೊರಬರುವುದೇ ಹೆಚ್ಚು.

ಆದರೆ ಇದರ ಪಕ್ಕದಲ್ಲೇ ಇರುವ ಅಪವಾದಗಳನ್ನು ಜನ ಓದುವುದಿಲ್ಲ. ನಿವಾಸವನ್ನೇ ಬಿಟ್ಟುಕೊಟ್ಟವರು, ಕೆಲವು ಬಗೆಯ ಅಪರಾಧ ಮಾಡಿದವರು, ಹೊರಹೋದ ಮೇಲೆ ಕಾನೂನುಬಾಹಿರ ಕೆಲಸಕ್ಕೆ ಇಳಿದವರು, ಗಡೀಪಾರು ವಿಚಾರಣೆ ನಡೆಯುತ್ತಿರುವಾಗ ಹೊರಟವರು, ಇವರಿಗೆ ಹತ್ತು ದಿನದ ಪ್ರವಾಸವೂ ಅಪಾಯವೇ. ಹತ್ತು ವರ್ಷದ ಹಿಂದೆ ಅಂಗಡಿ ಕಳ್ಳತನದ ಕೇಸಿನಲ್ಲಿ ದಂಡ ಕಟ್ಟಿದ್ದು, ಗಾಂಜಾ ಸಿಕ್ಕಿಬಿದ್ದದ್ದು, ಇಂಥವು ಊರಲ್ಲಿದ್ದಷ್ಟು ದಿನ ಮಲಗಿರುತ್ತವೆ, ವಿಮಾನ ನಿಲ್ದಾಣದಲ್ಲಿ ಏಳುತ್ತವೆ. ರಾಜ್ಯದ ಕಾನೂನಿನಲ್ಲಿ ಗಾಂಜಾ ಮಾನ್ಯವಾದರೂ ಒಕ್ಕೂಟದ ಕಾನೂನಿನಲ್ಲಿ ಅಲ್ಲ, ವಲಸೆ ಅಧಿಕಾರಿ ನೋಡುವುದು ಎರಡನೆಯದನ್ನು. ಯಾವ ಬಗೆಯ ಬಂಧನದ ದಾಖಲೆ ಇದ್ದರೂ ಟಿಕೆಟ್ ಮಾಡುವ ಮೊದಲು ವಲಸೆ ವಕೀಲರಿಗೆ ಕೊಡುವ ಶುಲ್ಕ ದಂಡವಲ್ಲ.

ಎರಡನೆಯ ಗಡಿ ಒಂದು ವರ್ಷ. ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಪ್ರವಾಸದಿಂದ ಮರಳುವವರಿಗೆ ಮಾತ್ರ ಗ್ರೀನ್ ಕಾರ್ಡ್ ಪ್ರವೇಶದ ದಾಖಲೆಯಾಗುತ್ತದೆ. ವರ್ಷ ತುಂಬಿದ ಮೇಲೆ, ಕಾರ್ಡಿನ ಮೇಲೆ ಇನ್ನೂ ಎಂಟು ವರ್ಷದ ಅವಧಿ ಅಚ್ಚಾಗಿದ್ದರೂ, ಅದೊಂದನ್ನೇ ತೋರಿಸಿ ಒಳಗೆ ಬರುವ ಹಕ್ಕಿಲ್ಲ. ನಿಲ್ದಾಣದ ಅಧಿಕಾರಿ ಮನಸ್ಸು ಮಾಡಿದರೆ ವಿನಾಯಿತಿ ಕೊಡಬಹುದು. ಅದು ಅವರ ವಿವೇಚನೆ, ನಿಮ್ಮ ಹಕ್ಕಲ್ಲ.

ಮೂರನೆಯದು ಎರಡು ವರ್ಷ. ಮೊದಲೇ ರೀಎಂಟ್ರಿ ಪರ್ಮಿಟ್, ಅಂದರೆ ಮರಳಿ ಒಳಬರುವ ಅನುಮತಿ ಪುಸ್ತಕ, ಮಾಡಿಸಿಕೊಂಡವರಿಗೆ ಮಾತ್ರ ಸಿಗುವ ಗಡುವು ಇದು.

ಹೊರಡುವ ಮೊದಲು

ಹೆಚ್ಚಿನ ಪೇಚಾಟಗಳಿಗೆ ಬೀಜ ಬೀಳುವುದು ಹೊರಡುವ ವಾರದಲ್ಲಿ. ಕಾರ್ಡಿನ ಕೊನೆಯ ದಿನಾಂಕ ನೋಡಿ. ಅವಧಿ ಮುಗಿಯಲು ಆರು ತಿಂಗಳಿಗಿಂತ ಕಡಿಮೆ ಇದ್ದರೆ ಕಾರ್ಡ್ ನವೀಕರಣದ ಐ-90 ಅರ್ಜಿಯನ್ನು ಅಮೆರಿಕದಲ್ಲಿರುವಾಗಲೇ ಹಾಕಿ. ಆನ್‌ಲೈನ್‌ನಲ್ಲಿ 415 ಡಾಲರ್, ಕಾಗದದ ಅರ್ಜಿಗೆ 465. ಸ್ವೀಕೃತಿ ಪತ್ರ ಬಂದರೆ ಹಳೆಯ ಕಾರ್ಡಿಗೆ 36 ತಿಂಗಳ ವಿಸ್ತರಣೆ ಸಿಕ್ಕಂತೆ. 2024ರ ಸೆಪ್ಟೆಂಬರ್‌ನಿಂದ ಈ ಅವಧಿ ಜಾರಿಯಲ್ಲಿದೆ, ಅದಕ್ಕೂ ಮೊದಲು 24 ತಿಂಗಳಿತ್ತು. ಮದುವೆಯ ಆಧಾರದ ಮೇಲೆ ಎರಡು ವರ್ಷದ ಷರತ್ತಿನ ಕಾರ್ಡ್ ಪಡೆದವರು ಐ-90 ಹಾಕುವಂತಿಲ್ಲ. ಅವರದು ಷರತ್ತು ತೆಗೆಸುವ ಐ-751 ಅರ್ಜಿ, ಕಾರ್ಡ್ ಮುಗಿಯುವ ಮುಂಚಿನ 90 ದಿನಗಳೊಳಗೆ ಹಾಕಬೇಕು. ಅದರ ಸ್ವೀಕೃತಿ ಪತ್ರ 48 ತಿಂಗಳ ವಿಸ್ತರಣೆ ಕೊಡುತ್ತದೆ. ಊರಿನಲ್ಲಿದ್ದೆ, ಅದಕ್ಕೇ ಹಾಕಲಾಗಲಿಲ್ಲ ಎಂಬ ಸಬೂಬು ಇಲ್ಲಿ ನಡೆಯುವುದಿಲ್ಲ. ಹಳೆಯ ಕಾರ್ಡ್ ಮತ್ತು ಸ್ವೀಕೃತಿಯ ಮೂಲಪ್ರತಿ ಎರಡನ್ನೂ ಕೈಚೀಲದಲ್ಲಿ ಇಟ್ಟುಕೊಳ್ಳಿ, ಚೆಕ್-ಇನ್ ಸೂಟ್‌ಕೇಸಿನಲ್ಲಲ್ಲ.

ಹೊಸದಾಗಿ ವಲಸೆ ವೀಸಾದಲ್ಲಿ ಹೋದ ಅಪ್ಪ ಅಮ್ಮ ಕಾರ್ಡ್ ಮನೆಗೆ ಬರುವ ಮೊದಲೇ ಊರಿಗೆ ಮರಳಬೇಕಾದರೆ ಗಾಬರಿ ಬೇಡ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವಲಸೆ ವೀಸಾದ ಮೇಲೆ ಪ್ರವೇಶದ ಮೊಹರು ಬಿದ್ದ ದಿನದಿಂದ ಒಂದು ವರ್ಷ ಅದೇ ಗ್ರೀನ್ ಕಾರ್ಡಿನಂತೆ ನಡೆಯುತ್ತದೆ. ಕಾರ್ಡ್ ಮುದ್ರಣವಾಗಬೇಕಾದರೆ 235 ಡಾಲರ್ ವಲಸೆ ಶುಲ್ಕ ಕಟ್ಟಿರಬೇಕು. ಅದನ್ನು ಮರೆತು "ಕಾರ್ಡ್ ಯಾಕೆ ಬಂದಿಲ್ಲ" ಎಂದು ತಿಂಗಳುಗಟ್ಟಲೆ ಕಾಯುವವರಿದ್ದಾರೆ.

ಹೆಸರಿನ ತಕರಾರು ನಮ್ಮವರಿಗೆ ಸ್ವಲ್ಪ ಹೆಚ್ಚು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರ ಪೂರ್ತಿ ಹೆಸರು ಅಮೆರಿಕದ ದಾಖಲೆಯಲ್ಲಿ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಗುರುತು ಅದು. ಟಿಕೆಟ್ಟಿನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು, ಕಾರ್ಡಿನಲ್ಲಿ ಮತ್ತೊಂದು ಇದ್ದರೆ ಚೆಕ್-ಇನ್ ಕೌಂಟರಿನಲ್ಲೇ ಅರ್ಧ ಗಂಟೆ ಹೋಯಿತೆಂದು ತಿಳಿಯಿರಿ.

ಟಿಕೆಟ್ ಯಾವ ದಿಕ್ಕಿನದು ಎಂಬುದೂ ಒಂದು ಸಾಕ್ಷಿ. ಡಲ್ಲಾಸ್–ಬೆಂಗಳೂರು–ಡಲ್ಲಾಸ್ ಟಿಕೆಟ್ ಹೇಳುವುದು ಒಂದು, ಬೆಂಗಳೂರು–ಡಲ್ಲಾಸ್–ಬೆಂಗಳೂರು ಹೇಳುವುದು ಇನ್ನೊಂದು. ಎರಡನೆಯದು ಅಗ್ಗವಾಗಿರಬಹುದು. ಆದರೆ ಆರು ವಾರಕ್ಕೆ ಬೆಂಗಳೂರಿಗೆ ವಾಪಸ್ ಟಿಕೆಟ್ ಇಟ್ಟುಕೊಂಡು "ನನ್ನ ಮನೆ ಡಲ್ಲಾಸ್‌ನಲ್ಲಿ" ಎಂದರೆ ನಂಬುವುದು ಯಾರಿಗೂ ಕಷ್ಟ.

ದಾರಿಯಲ್ಲಿ ಇಳಿಯುವ ಊರನ್ನೂ ಗಮನಿಸಿ. ಫ್ರಾಂಕ್‌ಫರ್ಟ್, ಪ್ಯಾರಿಸ್‌ಗಳಲ್ಲಿ ವಿಮಾನ ಬದಲಿಸುವ ಭಾರತೀಯರಿಗೆ ಬಹುಕಾಲ ಟ್ರಾನ್ಸಿಟ್ ವೀಸಾ ಬೇಕಿತ್ತು, ಈಗಿನ ನಿಯಮವನ್ನು ಹೊರಡುವ ಮೊದಲು ನೋಡಿಕೊಳ್ಳಿ. ಅವಧಿಯೊಳಗಿನ ಗ್ರೀನ್ ಕಾರ್ಡ್ ಇದ್ದವರಿಗೆ ಅದರಿಂದ ವಿನಾಯಿತಿ. ಅವಧಿ ಮುಗಿದ ಕಾರ್ಡ್ ಮತ್ತು ವಿಸ್ತರಣೆಯ ಪತ್ರವನ್ನು ಅಮೆರಿಕ ಒಪ್ಪಿತೆಂದು ಯುರೋಪೂ ಒಪ್ಪುತ್ತದೆ ಎನ್ನಲಾಗದು. ಅಂಥವರು ಕೊಲ್ಲಿ ದೇಶಗಳ ಮೂಲಕ ಹೋಗುವುದೇ ಕ್ಷೇಮ. ಅಲ್ಲೂ ಒಂದು ಸೂಕ್ಷ್ಮವಿದೆ. ಅಬುಧಾಬಿಯಲ್ಲಿ ಅಮೆರಿಕದ ಇಮಿಗ್ರೇಷನ್ ತಪಾಸಣೆ ವಿಮಾನ ಹತ್ತುವ ಮೊದಲೇ ಮುಗಿಯುತ್ತದೆ, 2014ರಿಂದ ಈ ವ್ಯವಸ್ಥೆ ಇದೆ. ಸಾಮಾನ್ಯರಿಗೆ ಇದು ಅನುಕೂಲ, ಅತ್ತ ಇಳಿದಾಗ ಸಾಲಿಲ್ಲ. ಆದರೆ ಬಹಳ ದಿನ ಹೊರಗಿದ್ದು ತಕರಾರು ಬರಬಹುದೆಂಬ ಅನುಮಾನವಿದ್ದವರು ಅಮೆರಿಕದ ನೆಲದ ಮೇಲೆಯೇ ತಪಾಸಣೆ ಆಗುವ ದಾರಿ ಹಿಡಿಯುವುದು ಒಳ್ಳೆಯದು. ವಾದ ಮಾಡುವ ಪ್ರಸಂಗ ಬಂದರೆ ಅಬುಧಾಬಿಯಲ್ಲಿ ತಡೆದು ನಿಲ್ಲಿಸುವುದಕ್ಕೂ ನ್ಯೂಯಾರ್ಕ್‌ನಲ್ಲಿ ನಿಲ್ಲಿಸುವುದಕ್ಕೂ ಬಹಳ ವ್ಯತ್ಯಾಸವಿದೆ.

ರೀಎಂಟ್ರಿ ಪರ್ಮಿಟ್

ಒಂದು ವರ್ಷಕ್ಕಿಂತ ಹೆಚ್ಚು ಹೊರಗಿರಬೇಕಾದೀತು ಎಂದು ಮೊದಲೇ ಗೊತ್ತಿದ್ದರೆ ಇದೇ ದಾರಿ. ಅಪ್ಪ ಅಮ್ಮನ ಆರೈಕೆ, ಆಸ್ತಿ ಪಾಲು, ಬೆಂಗಳೂರಿನ ಕಚೇರಿಗೆ ಎರಡು ವರ್ಷದ ವರ್ಗಾವಣೆ, ಓದು, ಕಾರಣ ಯಾವುದಾದರೂ ಸರಿ. ಪಾಸ್‌ಪೋರ್ಟಿನಂತೆ ಕಾಣುವ ಕಿರುಪುಸ್ತಕ ಕೈಗೆ ಬರುತ್ತದೆ, ವಿತರಿಸಿದ ದಿನದಿಂದ ಎರಡು ವರ್ಷ ಚಾಲ್ತಿ. ವಿಮಾನ ಹತ್ತಿದ ದಿನದಿಂದಲ್ಲ. ಅದು ಚಾಲ್ತಿಯಲ್ಲಿರುವಾಗ, ಬಹಳ ದಿನ ಹೊರಗಿದ್ದಿರಿ ಎಂಬ ಒಂದೇ ಕಾರಣಕ್ಕೆ ನಿವಾಸ ಬಿಟ್ಟುಕೊಟ್ಟಿರಿ ಎನ್ನುವಂತಿಲ್ಲ. ಬೇರೆ ಕಾರಣಗಳಿದ್ದರೆ ಈ ಪುಸ್ತಕ ಕಾಪಾಡುವುದಿಲ್ಲ. ಅಲ್ಲಿನ ಮನೆ ಮಾರಿ, ಕೆಲಸ ಬಿಟ್ಟು, ಬ್ಯಾಂಕ್ ಖಾತೆ ಮುಚ್ಚಿ ಬಂದವರಿಗೆ ಪರ್ಮಿಟ್ ಇದ್ದರೂ ಪ್ರಶ್ನೆ ತಪ್ಪದು.

ಅರ್ಜಿ ನಮೂನೆ ಐ-131. ಮೊದಲ ನಿಯಮ, ಹಾಕುವ ದಿನ ನೀವು ಅಮೆರಿಕದ ನೆಲದ ಮೇಲಿರಬೇಕು. ಜಯನಗರದಲ್ಲಿ ಕೂತು ಹಾಕಿದ ಅರ್ಜಿ ತಿರಸ್ಕೃತ. ಶುಲ್ಕ 2024ರ ಏಪ್ರಿಲ್ 1ರಿಂದ 630 ಡಾಲರ್. 2025ರ ಅಕ್ಟೋಬರ್ 28ರಿಂದ ಕಾಗದದ ಅರ್ಜಿಗಳಿಗೆ ಚೆಕ್ಕು, ಮನಿ ಆರ್ಡರ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದಾರೆ. ಕ್ರೆಡಿಟ್ ಕಾರ್ಡಿನಿಂದ ಕಟ್ಟಲು ಜಿ-1450, ಅಮೆರಿಕದ ಬ್ಯಾಂಕ್ ಖಾತೆಯಿಂದ ಕಟ್ಟಲು ಜಿ-1650 ನಮೂನೆ ಲಗತ್ತಿಸಬೇಕು. ಹಳೆಯ ಸಲಹೆ ನಂಬಿ ಚೆಕ್ಕು ಇಟ್ಟರೆ ಲಕೋಟೆ ವಾಪಸ್ ಬರುತ್ತದೆ, ಅಷ್ಟರಲ್ಲಿ ನೀವು ವಿಮಾನದಲ್ಲಿರುತ್ತೀರಿ, ಮತ್ತೆ ಹಾಕಲು ಅಲ್ಲಿಗೇ ಬರಬೇಕು. ಗ್ರೀನ್ ಕಾರ್ಡಿನ ಎರಡೂ ಬದಿಯ ನಕಲು ಇರಲಿ. ಹಿಂದಿನ ಪರ್ಮಿಟ್ ಇದ್ದರೆ ಅದನ್ನು ಒಪ್ಪಿಸಬೇಕು.

ಸ್ವೀಕೃತಿ ಬಂದ ಕೆಲವು ವಾರಗಳಿಗೆ ಬೆರಳಚ್ಚು, ಫೋಟೊ ಕೊಡಲು ಕರೆ ಬರುತ್ತದೆ. ಜನ ಎಡವುವುದು ಇಲ್ಲಿಯೇ. ಅರ್ಜಿ ಹಾಕಿ ಊರಿಗೆ ಹೊರಟರೆ ಅರ್ಜಿ ಸಾಯುವುದಿಲ್ಲ, ಆದರೆ ಬೆರಳಚ್ಚಿಗೆ ಗೈರಾದರೆ ಸಾಯುತ್ತದೆ. ಕೆಲವೊಮ್ಮೆ ಹಳೆಯ ಬೆರಳಚ್ಚನ್ನೇ ಬಳಸಿಕೊಳ್ಳುತ್ತಾರೆ, ಆದರೆ ಅದನ್ನು ನಂಬಿ ಟಿಕೆಟ್ ಮಾಡಬೇಡಿ. ಕನಿಷ್ಠ 60 ದಿನ ಮುಂಚೆ ಅರ್ಜಿ ಹಾಕಿ ಎಂದು ವಲಸೆ ಇಲಾಖೆಯೇ ಹೇಳುತ್ತದೆ. ಬೆರಳಚ್ಚು ಮುಗಿದ ಮೇಲೆ ನಿಶ್ಚಿಂತೆಯಿಂದ ಹೊರಡಬಹುದು. ಪುಸ್ತಕ ಬರಲು ತಿಂಗಳುಗಳೇ ಬೇಕು. ಅದನ್ನು ಹೊರದೇಶದ ಅಮೆರಿಕನ್ ಕಾನ್ಸುಲೇಟಿಗೆ ಕಳಿಸಿ ಎಂದು ಅರ್ಜಿಯಲ್ಲೇ ಕೇಳಬಹುದು. ಅಲ್ಲಿನ ಮನೆ ವಿಳಾಸಕ್ಕೆ ತರಿಸಿ ಕೊರಿಯರ್‌ನಲ್ಲಿ ಊರಿಗೆ ತರಿಸುವವರೂ ಇದ್ದಾರೆ.

ಇದಕ್ಕೆ ನವೀಕರಣ ಎಂಬುದಿಲ್ಲ. ಮುಗಿದರೆ ಮತ್ತೆ ಅಮೆರಿಕಕ್ಕೆ ಹೋಗಿ ಹೊಸದಾಗಿ ಹಾಕಬೇಕು. ಕಳೆದ ಐದು ವರ್ಷಗಳಲ್ಲಿ ಒಟ್ಟು ನಾಲ್ಕು ವರ್ಷಕ್ಕಿಂತ ಹೆಚ್ಚು ಹೊರಗಿದ್ದವರಿಗೆ ಸಾಮಾನ್ಯವಾಗಿ ಒಂದೇ ವರ್ಷದ ಪರ್ಮಿಟ್ ಸಿಗುತ್ತದೆ. ಮನೆ ಇಲ್ಲಿಲ್ಲ ಎಂದು ನಮಗೂ ಅರ್ಥವಾಗುತ್ತಿದೆ ಎಂದು ಇಲಾಖೆ ಹೇಳುವ ಬಗೆ ಅದು.

ಕೌಂಟರಿನ ಮುಂದೆ

ನಿಮ್ಮ ಹೋಗಿಬರುವ ದಿನಾಂಕ ಅಧಿಕಾರಿಯ ಪರದೆಯ ಮೇಲೆ ಇರುತ್ತದೆ. ವಿಮಾನ ಸಂಸ್ಥೆಗಳು ಪ್ರಯಾಣಿಕರ ಪಟ್ಟಿ ಕೊಡುತ್ತವೆ. 2025ರ ಡಿಸೆಂಬರ್ 26ರಿಂದ ಪೌರರಲ್ಲದ ಎಲ್ಲರ, ಗ್ರೀನ್ ಕಾರ್ಡಿನವರದೂ ಸೇರಿ, ಮುಖಚಿತ್ರವನ್ನು ಒಳಬರುವಾಗಲೂ ಹೊರಹೋಗುವಾಗಲೂ ತೆಗೆಯುವ ನಿಯಮ ಜಾರಿಯಲ್ಲಿದೆ. "ಎಷ್ಟು ದಿನ ಹೊರಗಿದ್ದಿರಿ" ಎಂಬ ಪ್ರಶ್ನೆ ಉತ್ತರ ಗೊತ್ತಿಲ್ಲದೆ ಕೇಳಿದ್ದಲ್ಲ. ಸರಿಯಾದ ದಿನ ಹೇಳಿ. ಏಳು ತಿಂಗಳಿದ್ದು ಐದು ಎನ್ನುವುದು, ಏಳು ತಿಂಗಳಿದ್ದದ್ದಕ್ಕಿಂತ ದೊಡ್ಡ ತಪ್ಪು.

ಹಿರಿಯರು ಸಹಜವಾಗಿ ಆಡುವ ಒಂದು ವಾಕ್ಯ ಇಲ್ಲಿ ಎಡವಟ್ಟಾಗುತ್ತದೆ: "ಮಗನನ್ನು ನೋಡಿಕೊಂಡು ಹೋಗೋಣ ಅಂತ ಬಂದೆ." ಕನ್ನಡದಲ್ಲಿ ಅದು ಪ್ರೀತಿಯ ಮಾತು. ಇಂಗ್ಲಿಷಿಗೆ ತಿರುಗಿದಾಗ ಅದು ನೆಂಟರಿಷ್ಟರ ಭೇಟಿ, ಅಂದರೆ ಮನೆ ಬೇರೆಡೆ ಇದೆ ಎಂಬ ಒಪ್ಪಿಗೆ. ನಿಜವಾಗಿ ಅಲ್ಲಿಯೇ ವಾಸವಿರುವವರು "ಮನೆಗೆ ವಾಪಸ್ ಬರುತ್ತಿದ್ದೇನೆ" ಎಂದು ಹೇಳಲು ಅಭ್ಯಾಸ ಮಾಡಿಕೊಂಡಿರಬೇಕು. ವಾಸವಿಲ್ಲದವರಿಗೆ ಹೇಳಿಕೊಡುವಂಥ ಮಾತು ಯಾವುದೂ ಇಲ್ಲ. ಇಂಗ್ಲಿಷ್ ಸರಿಯಾಗಿ ಬಾರದಿದ್ದರೆ ದುಭಾಷಿ ಬೇಕೆಂದು ಕೇಳಬಹುದು.

ಆರು ತಿಂಗಳು ದಾಟಿದವರು ಒಂದು ತೆಳು ಫೈಲು ಜೊತೆಗಿಟ್ಟುಕೊಳ್ಳಲಿ. ತೆರಿಗೆ ರಿಟರ್ನಿನ ಪ್ರತಿ, ಮನೆಯ ಬಾಡಿಗೆ ಕರಾರು ಅಥವಾ ಸಾಲದ ಪತ್ರ, ಡ್ರೈವಿಂಗ್ ಲೈಸೆನ್ಸ್, ಬ್ಯಾಂಕ್ ಹೇಳಿಕೆ, ರಜೆ ಮಂಜೂರಾದ ಕಚೇರಿಯ ಪತ್ರ, ತಡವಾಗಲು ಆಸ್ಪತ್ರೆ ಕಾರಣವಾದರೆ ಡಿಸ್ಚಾರ್ಜ್ ಸಾರಾಂಶ. ಮಗನ ಹೆಸರಿನ ಮನೆಯಲ್ಲಿ ಇರುವ ತಂದೆತಾಯಿಗೆ ಇವುಗಳಲ್ಲಿ ಅರ್ಧ ಇರುವುದಿಲ್ಲ. ಅವರು ರಾಜ್ಯದ ಗುರುತಿನ ಚೀಟಿ, ಆರೋಗ್ಯ ವಿಮೆ, ಜಂಟಿ ಬ್ಯಾಂಕ್ ಖಾತೆ ಮಾಡಿಸಿಕೊಂಡಿದ್ದರೆ ಸಾಕಷ್ಟಾಯಿತು.

ಅನುಮಾನ ಬಂದರೆ ಎರಡನೆಯ ಸುತ್ತಿನ ವಿಚಾರಣೆಯ 'ಸೆಕೆಂಡರಿ' ಕೋಣೆಗೆ ಕಳಿಸುತ್ತಾರೆ. ಕೆಲವೊಮ್ಮೆ ಅಲ್ಲಿ ಮೇಜಿನ ಮೇಲೆ ಐ-407 ಎಂಬ ಹಾಳೆ ಬರುತ್ತದೆ. ನನ್ನ ಕಾಯಂ ನಿವಾಸವನ್ನು ನಾನಾಗಿಯೇ ಬಿಟ್ಟುಕೊಡುತ್ತಿದ್ದೇನೆ ಎಂದು ಬರೆದುಕೊಡುವ ನಮೂನೆ ಅದು. ಹದಿನೆಂಟು ಗಂಟೆ ಪ್ರಯಾಣ ಮಾಡಿ ಬಂದ ಎಪ್ಪತ್ತರ ಹಿರಿಯರಿಗೆ "ಇಲ್ಲಿ ಸಹಿ ಮಾಡಿ" ಎಂದರೆ ಮಾಡಿಬಿಡುತ್ತಾರೆ. ಮಾಡಬೇಕಾಗಿಲ್ಲ. ಆ ಸಹಿ ಸ್ವಂತ ಇಚ್ಛೆಯದ್ದಾಗಿರಬೇಕು, ಒತ್ತಾಯಿಸುವಂತಿಲ್ಲ. ನಿರಾಕರಿಸಿ "ನಾನು ವಲಸೆ ನ್ಯಾಯಾಧೀಶರ ಮುಂದೆ ಹೇಳಿಕೊಳ್ಳುತ್ತೇನೆ" ಎನ್ನುವ ಹಕ್ಕಿದೆ. ಆಗ ಅಧಿಕಾರಿ ನ್ಯಾಯಾಲಯಕ್ಕೆ ಹಾಜರಾಗುವ ನೋಟಿಸ್ ಕೊಡಬಹುದು, ಕಾರ್ಡನ್ನು ಇಟ್ಟುಕೊಳ್ಳಬಹುದು. ಆದರೆ ತೀರ್ಪು ಬರುವ ತನಕ ನೀವು ಕಾಯಂ ನಿವಾಸಿಯೇ, ಅದಕ್ಕೆ ತಾತ್ಕಾಲಿಕ ಪುರಾವೆ ಕೇಳಿ ಪಡೆಯಬಹುದು. ನಿವಾಸ ಬಿಟ್ಟುಕೊಟ್ಟಿದ್ದಾರೆ ಎಂದು ಸಾಬೀತು ಮಾಡುವ ಹೊರೆ ಸರ್ಕಾರದ್ದು, ಅದೂ ಸ್ಪಷ್ಟವಾದ, ಎರಡು ಮಾತಿಗೆ ಎಡೆಯಿಲ್ಲದ ಸಾಕ್ಷ್ಯದಿಂದ. ಸಹಿ ಹಾಕಿದರೆ ಆ ಹೊರೆಯನ್ನು ನೀವೇ ಇಳಿಸಿಕೊಟ್ಟಂತೆ.

ಸೂಟ್‌ಕೇಸಿನ ವಿಷಯ ಚಿಕ್ಕದು. ಕರಿಬೇವಿನ ಸೊಪ್ಪು, ತಾಜಾ ಮಾವಿನಹಣ್ಣು, ಅಕ್ಕಿ, ಮಾಂಸ ಒಯ್ಯುವಂತಿಲ್ಲ. ಅಲ್ಲಿನ ಅಂಗಡಿಯಲ್ಲಿ ಸಿಗುವ ಭಾರತದ ಮಾವು ವಿಕಿರಣ ಸಂಸ್ಕರಣೆ ಆಗಿ ಬಂದದ್ದು, ನಿಮ್ಮ ಚೀಲದ ಬಾದಾಮಿ ಮಾವು ಅಲ್ಲ. 2021ರಲ್ಲಿ ವಾಷಿಂಗ್ಟನ್‌ನ ಡಲಸ್ ನಿಲ್ದಾಣದಲ್ಲಿ ಭಾರತದಿಂದ ಬಂದ ಪ್ರಯಾಣಿಕರೊಬ್ಬರು ಬಿಟ್ಟುಹೋದ ಸೂಟ್‌ಕೇಸಿನಲ್ಲಿ ಎರಡು ಬೆರಣಿ ಸಿಕ್ಕಿ, ಕಾಲುಬಾಯಿ ಜ್ವರದ ಭಯಕ್ಕೆ ಅವನ್ನು ನಾಶ ಮಾಡಿದರು. ಇರುವುದನ್ನು ಘೋಷಿಸಿದರೆ ಕಿತ್ತುಕೊಳ್ಳುತ್ತಾರೆ ಅಷ್ಟೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ 1,000 ಡಾಲರ್‌ವರೆಗೂ ದಂಡ, ಬೇಗ ತಪಾಸಣೆ ಮುಗಿಸಿಕೊಡುವ ಗ್ಲೋಬಲ್ ಎಂಟ್ರಿ ಸೌಲಭ್ಯ ಇದ್ದರೆ ಅದೂ ಹೋದೀತು. ನಗದು ಕುಟುಂಬಕ್ಕೆಲ್ಲ ಸೇರಿ 10,000 ಡಾಲರ್ ದಾಟಿದರೆ ಬರೆದುಕೊಡಬೇಕು.

ಕಾರ್ಡ್ ಕಳೆದರೆ, ಕಾಲ ಮೀರಿದರೆ

ಮೆಜೆಸ್ಟಿಕ್‌ನಲ್ಲಿ ಪರ್ಸ್ ಹೋಯಿತು, ಜೊತೆಗೆ ಕಾರ್ಡೂ ಹೋಯಿತು. ಪೊಲೀಸ್ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಆಮೇಲೆ ಬೇಕಾದದ್ದು ಐ-131ಎ ಅರ್ಜಿ. ಒಂದು ವರ್ಷದೊಳಗೆ ಮರಳುತ್ತಿರುವವರಿಗೆ, ಪರ್ಮಿಟ್ ಇದ್ದು ಅದನ್ನೂ ಕಳೆದುಕೊಂಡವರಾದರೆ ಎರಡು ವರ್ಷದೊಳಗಿನವರಿಗೆ, ವಿಮಾನ ಹತ್ತಲು ಪಾಸ್‌ಪೋರ್ಟಿನಲ್ಲಿ ಒಂದು ಚೀಟಿ ಅಂಟಿಸಿಕೊಡುತ್ತಾರೆ. ಶುಲ್ಕ 575 ಡಾಲರ್, ಮೊದಲು ಆನ್‌ಲೈನ್‌ನಲ್ಲಿ ಕಟ್ಟಿ ರಸೀದಿಯೊಂದಿಗೆ ಖುದ್ದಾಗಿ ಹೋಗಬೇಕು. ಕರ್ನಾಟಕ ಚೆನ್ನೈ ಕಾನ್ಸುಲೇಟಿನ ವ್ಯಾಪ್ತಿಗೆ ಸೇರಿದೆ. ಆದರೂ ಈ ಸೇವೆ ಯಾವ ಕಚೇರಿಯಲ್ಲಿ ಎಂದು ರೈಲು ಹತ್ತುವ ಮೊದಲು ಖಚಿತ ಮಾಡಿಕೊಳ್ಳಿ. ಹತ್ತು ವರ್ಷದ ಕಾರ್ಡ್ ಬರೀ ಅವಧಿ ಮುಗಿದಿದ್ದರೆ ಈ ಚೀಟಿಯ ಅಗತ್ಯವಿಲ್ಲ, ಅಂಥ ಕಾರ್ಡಿನ ಮೇಲೆ ಪ್ರಯಾಣಿಕರನ್ನು ಹತ್ತಿಸಲು ವಿಮಾನ ಸಂಸ್ಥೆಗಳಿಗೆ ಅನುಮತಿಯಿದೆ. ಕೌಂಟರಿನ ಹುಡುಗ ಹುಡುಗಿಯರಿಗೆ ಇದು ಗೊತ್ತಿರುವುದಿಲ್ಲ. ಮೇಲ್ವಿಚಾರಕರನ್ನು ಕರೆಸಿ, ಮೂರು ಗಂಟೆ ಬದಲು ನಾಲ್ಕು ಗಂಟೆ ಮೊದಲು ಹೋಗಿ.

ಪರ್ಮಿಟ್ ಇಲ್ಲದೆ ವರ್ಷ ದಾಟಿದವರಿಗೆ, ಅಥವಾ ಪರ್ಮಿಟ್ಟೂ ಮುಗಿದವರಿಗೆ ಉಳಿದಿರುವುದು ಎಸ್‌ಬಿ-1, ಮರಳುವ ನಿವಾಸಿಯ ವೀಸಾ. ಕಾನ್ಸುಲೇಟಿನಲ್ಲಿ ಡಿಎಸ್-117 ಅರ್ಜಿ, 180 ಡಾಲರ್. ಹೊರಟಾಗ ಕಾಯಂ ನಿವಾಸಿಯಾಗಿದ್ದೆ, ಮರಳುವ ಮನಸ್ಸು ಎಂದೂ ಬಿಟ್ಟಿರಲಿಲ್ಲ, ತಡವಾದದ್ದು ನನ್ನ ಕೈಮೀರಿದ ಕಾರಣದಿಂದ ಎಂದು ಮೂರನ್ನೂ ತೋರಿಸಬೇಕು. ಮೂರನೆಯದರಲ್ಲೇ ಹೆಚ್ಚಿನವು ಬೀಳುತ್ತವೆ. ಪಾರ್ಶ್ವವಾಯು ಹೊಡೆದು ಪ್ರಯಾಣ ಬೇಡವೆಂದು ಡಾಕ್ಟರು ಬರೆದದ್ದು ಕೈಮೀರಿದ ಕಾರಣ. ಮೊಮ್ಮಗಳ ಮದುವೆ, ಮನೆ ಕಟ್ಟುವ ಕೆಲಸ, ಸೈಟಿನ ವ್ಯಾಜ್ಯ ನಡೆಯುವುದು ಕಷ್ಟ. ಒಪ್ಪಿದರೆ ಮತ್ತೆ ವಲಸೆ ವೀಸಾದ ಅರ್ಜಿ, ಶುಲ್ಕ, ವೈದ್ಯಕೀಯ ಪರೀಕ್ಷೆ ಎಲ್ಲ ಮೊದಲಿನಿಂದ.

ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ ಕಾನೂನು ಒಂದು ಒಳ್ಳೆಯ ಬಾಗಿಲು ತೆರೆದಿಟ್ಟಿದೆ. ಗ್ರೀನ್ ಕಾರ್ಡ್ ಇರುವ ತಾಯಿ ತಾತ್ಕಾಲಿಕವಾಗಿ ಊರಿಗೆ ಬಂದಾಗ ಹುಟ್ಟಿದ ಮಗುವಿಗೆ ವೀಸಾ ಬೇಡ. ಎರಡು ವರ್ಷ ತುಂಬುವ ಮೊದಲು, ಹೆರಿಗೆಯ ನಂತರ ತಾಯಿ ಅಥವಾ ತಂದೆ ಮೊದಲ ಸಲ ಮರಳುವಾಗ ಅವರ ಜೊತೆಗೇ ಹೋದರೆ ಮಗುವೂ ಕಾಯಂ ನಿವಾಸಿಯಾಗಿ ಒಳಬರುತ್ತದೆ. 'ಮೊದಲ ಸಲ' ಎಂಬುದೇ ಮುಖ್ಯ. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗಿ, ಆರು ತಿಂಗಳ ನಂತರ ಕರೆದೊಯ್ಯುತ್ತೇವೆ ಎಂದರೆ ಬಾಗಿಲು ಮುಚ್ಚಿರುತ್ತದೆ, ಆಮೇಲೆ ವಲಸೆ ವೀಸಾದ ಸರದಿಯಲ್ಲಿ ವರ್ಷಗಟ್ಟಲೆ ಕಾಯಬೇಕು. ಮಗುವಿನ ಭಾರತೀಯ ಪಾಸ್‌ಪೋರ್ಟ್, ತಂದೆತಾಯಿಯ ಹೆಸರಿರುವ ಜನನ ಪ್ರಮಾಣಪತ್ರ, ಕನ್ನಡದಲ್ಲಷ್ಟೇ ಇದ್ದರೆ ಇಂಗ್ಲಿಷ್ ಅನುವಾದ ಜೊತೆಗಿರಲಿ.

ಪೌರತ್ವದ ಗಡಿಯಾರ ಬೇರೆ

ಕಾರ್ಡ್ ಉಳಿಸಿಕೊಳ್ಳುವ ಲೆಕ್ಕವನ್ನೂ ಪೌರತ್ವದ ಲೆಕ್ಕವನ್ನೂ ಬೆರೆಸಿಕೊಂಡು ಕೆಡುವವರು ಬಹಳ. ಪೌರತ್ವ ಕೇಳುವ ಎನ್-400 ಅರ್ಜಿಗೆ ಐದು ವರ್ಷದ ನಿರಂತರ ವಾಸ, ಅದರಲ್ಲಿ ಕನಿಷ್ಠ 30 ತಿಂಗಳು ಅಮೆರಿಕದಲ್ಲಿ ಖುದ್ದು ಹಾಜರಿ ಬೇಕು. ಪೌರರನ್ನು ಮದುವೆಯಾಗಿ ಅವರ ಜೊತೆ ಬಾಳುತ್ತಿರುವವರಿಗೆ ಮೂರು ವರ್ಷ, 18 ತಿಂಗಳು. ಹೊರಟ ದಿನ, ಬಂದಿಳಿದ ದಿನ ಎರಡೂ ಹಾಜರಿಗೇ ಸೇರುತ್ತವೆ. ಒಂದೇ ಪ್ರವಾಸ ಆರು ತಿಂಗಳು ದಾಟಿದರೆ ನಿರಂತರತೆ ಕಡಿದಿದೆ ಎಂಬ ಊಹೆ ಹುಟ್ಟುತ್ತದೆ. ಅಲ್ಲಿನ ಕೆಲಸ, ಮನೆ, ಸಂಸಾರ ಹಾಗೇ ಇದ್ದವು ಎಂದು ತೋರಿಸಿ ಅದನ್ನು ಅಳಿಸಬಹುದು. ಒಂದು ವರ್ಷ ತುಂಬಿದರೆ ಖಂಡಿತ ಕಡಿಯುತ್ತದೆ. ಆಗ ಮರಳಿದ ದಿನದಿಂದ ನಾಲ್ಕು ವರ್ಷ ಒಂದು ದಿನ ಕಾಯಬೇಕು. ಆಗಲೂ ಆ ಹಳೆಯ ಪ್ರವಾಸದ ಬಾಲ ಐದು ವರ್ಷದೊಳಗೇ ಬೀಳುವುದರಿಂದ ಆರು ತಿಂಗಳ ಊಹೆ ಕಾಡುತ್ತದೆ. ನಾಲ್ಕೂವರೆ ವರ್ಷ ಕಾದವರಿಗೆ ಆ ಜಂಜಾಟವಿಲ್ಲ.

ರೀಎಂಟ್ರಿ ಪರ್ಮಿಟ್ ಕಾರ್ಡನ್ನು ಕಾಯುತ್ತದೆ, ಈ ಗಡಿಯಾರವನ್ನು ನಿಲ್ಲಿಸುವುದಿಲ್ಲ. ಅಮೆರಿಕನ್ ಕಂಪನಿ ಹೊರದೇಶಕ್ಕೆ ಕಳಿಸಿದಂಥ ಕೆಲವೇ ಸಂದರ್ಭಗಳಲ್ಲಿ ಎನ್-470 ಎಂಬ ಬೇರೆ ಅರ್ಜಿ ಇದೆ. ಅದಕ್ಕೂ ಮೊದಲು ಒಂದು ಪೂರ್ತಿ ವರ್ಷ ದೇಶ ಬಿಡದೆ ಇದ್ದಿರಬೇಕು, ಅದರಲ್ಲಿ ಒಂದು ವಾರದ ಊರಿನ ಪ್ರವಾಸವೂ ಇರುವಂತಿಲ್ಲ.

ತೆರಿಗೆಯೂ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಕಾಯಂ ನಿವಾಸಿ ಜಗತ್ತಿನ ಯಾವ ಮೂಲೆಯ ಆದಾಯಕ್ಕೂ ಅಮೆರಿಕದಲ್ಲಿ ರಿಟರ್ನ್ ಸಲ್ಲಿಸಬೇಕು. ಮಲ್ಲೇಶ್ವರದ ಮನೆ ಬಾಡಿಗೆ, ಪಿಂಚಣಿ, ಎನ್‌ಆರ್‌ಇ ಠೇವಣಿಯ ಬಡ್ಡಿ ಎಲ್ಲ ಸೇರಿತು. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಎಂದ ಮಾತ್ರಕ್ಕೆ ಅಲ್ಲೂ ಇಲ್ಲ ಎಂದಲ್ಲ. ಹೊರದೇಶದ ಖಾತೆಗಳಲ್ಲಿ ವರ್ಷದ ಯಾವುದೇ ಒಂದು ದಿನ ಒಟ್ಟು 10,000 ಡಾಲರ್ ಮೀರಿದ್ದರೆ ಎಫ್‌ಬಾರ್ ವರದಿ ಕಡ್ಡಾಯ. ತೆರಿಗೆ ಉಳಿಸಲು ಅನಿವಾಸಿ ಎಂದು ಹೇಳಿಕೊಂಡು 1040-ಎನ್‌ಆರ್ ನಮೂನೆ ಹಾಕಿದರೆ ಮನೆ ಅಮೆರಿಕದಲ್ಲಿಲ್ಲ ಎಂದು ನೀವೇ ಬರೆದುಕೊಟ್ಟಂತಾಗುತ್ತದೆ. ಪೌರತ್ವದ ಸಂದರ್ಶನದಲ್ಲಿ ಆ ಕಾಗದ ಎದುರು ಬರುತ್ತದೆ.

ಇನ್ನು ಮೊದಲು ಹೇಳಿದ ಅಪ್ಪ ಅಮ್ಮನ ವಿಷಯ. ಅಲ್ಲಿ ನೆಲೆಸುವ ಮನಸ್ಸು ನಿಜಕ್ಕೂ ಇಲ್ಲವಾದರೆ ಕಾರ್ಡನ್ನು ಬೀರುವಿನಲ್ಲಿಟ್ಟು ಪ್ರತಿ ಪ್ರಯಾಣದಲ್ಲೂ ಎದೆಬಡಿತ ಅನುಭವಿಸುವುದಕ್ಕಿಂತ, ಮನೆಯಲ್ಲಿ ಕೂತು ಯೋಚಿಸಿ ಐ-407 ಅನ್ನು ತಾವಾಗಿಯೇ ಸಲ್ಲಿಸುವುದು ಮೇಲು. ಕಾರ್ಡಿನ ಅವಧಿ ಮುಗಿಯಿತೆಂದು ತೆರಿಗೆಯ ಬಾಧ್ಯತೆ ತಾನಾಗಿ ಮುಗಿಯುವುದಿಲ್ಲ, ಹೀಗೆ ವಿಧಿವತ್ತಾಗಿ ಬಿಟ್ಟಾಗ ಮುಗಿಯುತ್ತದೆ. ಹದಿನೈದು ವರ್ಷಗಳಲ್ಲಿ ಎಂಟು ತೆರಿಗೆ ವರ್ಷ ಕಾರ್ಡ್ ಇಟ್ಟುಕೊಂಡವರು ನಿರ್ಗಮನ ತೆರಿಗೆಯ ನಿಯಮಕ್ಕೆ ಬರುತ್ತಾರೆ, 8854 ನಮೂನೆ ತುಂಬಬೇಕು, ಹಾಗಾಗಿ ಏಳನೆಯ ವರ್ಷದಲ್ಲೇ ತೆರಿಗೆ ಸಲಹೆಗಾರರನ್ನು ಕೇಳಿ. ಬಿಟ್ಟ ಮೇಲೆ ಬಿ-2 ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕುವಾಗ ಐ-407ರ ಪ್ರತಿ ಜೊತೆಗಿಡಿ. ನೆಲೆಸುವ ಅವಕಾಶವಿದ್ದೂ ತಾವಾಗಿ ಬಿಟ್ಟವರು, ಹೋದರೂ ಊರಿಗೆ ಮರಳುತ್ತಾರೆ ಎಂಬುದಕ್ಕೆ ಅದು ಸಾಕ್ಷಿ. ವೀಸಾ ಸಿಗಲೇಬೇಕೆಂಬ ಖಾತ್ರಿ ಯಾರಿಗೂ ಇಲ್ಲ. ಮುಂದೊಂದು ದಿನ ಮನಸ್ಸು ಬದಲಾದರೆ ಪೌರತ್ವ ಇರುವ ಮಗನೋ ಮಗಳೋ ಹೆತ್ತವರ ಪರವಾಗಿ ಹಾಕುವ ಐ-130 ಅರ್ಜಿಯನ್ನು ಮತ್ತೆ ಹಾಕಬಹುದು. ಪೌರರ ತಂದೆತಾಯಿಗೆ ವಾರ್ಷಿಕ ಸಂಖ್ಯಾಮಿತಿಯ ಸರದಿ ಇಲ್ಲ.